ಸೀನಿಗೊಂದು ಗುಳಿಗೆ

ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ 'ಅಲರ್ಜಿ' ಎಂಬ ಪದವನ್ನು ಹುಟ್ಟುಹಾಕಿದಾಗ, ಅದು ಒಂದು ದಿನ ದಾವಣಗೆರೆಯ ಹಳೇಪೇಟೆಯ ಮೆಣಸಿನಕಾಯಿ ಅಂಗಡಿಯವರೆಗೂ ಬಂದೀತೆಂದು ಎಣಿಸಿರಲಾರ. ನಮ್ಮ ಅಜ್ಜಿಯ ಕಾಲದಲ್ಲಿ ಈ ಪದವಿರಲಿಲ್ಲ. 'ಬದನೆಕಾಯಿ ನಂಗೆ ಆಗಿಬರಲ್ಲ', 'ಆ ಊರ ನೀರು ಮೈಗೆ ಒಗ್ಗಲ್ಲ' ಎಂದು ಹೇಳಿ ಸುಮ್ಮನಾಗುತ್ತಿದ್ದರು. ಈಗ ಎಲ್ಲದಕ್ಕೂ ಅಲರ್ಜಿ. ಧೂಳು ಅಲರ್ಜಿ, ತಂಗಾಳಿ ಅಲರ್ಜಿ, ಅತ್ತೆಯ ಮಾತು ಅಲರ್ಜಿ. ನನ್ನ ತರಗತಿಯ ಹಿಂದಿನ ಬೆಂಚಿನವರಿಗಂತೂ ಬೀಜಗಣಿತ ಅಲರ್ಜಿ.

ಪದ ಸಲೀಸಾದಂತೆ ಮದ್ದೂ ಸಲೀಸಾಯಿತು. ಔಷಧಿ ಅಂಗಡಿಯ ಮುಂದೆ ಸ್ಕೂಟರು ನಿಲ್ಲಿಸಿ, ಇಳಿಯದೆಯೇ, "ಸೀನಿಗೊಂದು ಗುಳಿಗೆ ಕೊಡ್ರಿ" ಎನ್ನುವವರನ್ನು ನಾನು ದಿನವೂ ನೋಡುತ್ತೇನೆ. ಅಂಗಡಿಯವನು ಕೇಳುವುದು ಒಂದೇ ಪ್ರಶ್ನೆ: "ನಿದ್ದೆ ಬರೋದಾ, ಬರದೇ ಇರೋದಾ?" ಗಿರಾಕಿ ಒಂದು ಕ್ಷಣ ಯೋಚಿಸಿ, ಬಸ್ಸಿನ ಟಿಕೆಟ್ ಕೇಳುವವನಂತೆ ಉತ್ತರ ಕೊಡುತ್ತಾನೆ. ಒಂದು ಚಹಾದ ದುಡ್ಡಿಗಿಂತ ಕಡಿಮೆ ಬೆಲೆಯ ಗುಳಿಗೆ ಜೇಬು ಸೇರುತ್ತದೆ. ಅದರ ಹೆಸರೇನೆಂದು ಕೊಂಡವನೂ ಕೇಳುವುದಿಲ್ಲ, ಕೊಟ್ಟವನೂ ಹೇಳುವುದಿಲ್ಲ.

ನಾನು ವೈದ್ಯನಲ್ಲ. ಬಿಎಸ್ಸಿ, ಬಿಎಡ್ ಮಾಡಿಕೊಂಡು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳುತ್ತಾ ಐವತ್ತು ದಾಟಿದ ಮೇಷ್ಟ್ರು. ಆದರೆ ವಿಜ್ಞಾನದ ಮೇಷ್ಟ್ರೆಂದರೆ ಬೀದಿಯವರಿಗೆ ಅರ್ಧ ಡಾಕ್ಟರು, ಅರ್ಧ ಎಲೆಕ್ಟ್ರಿಷಿಯನ್ನು. ಫ್ಯೂಸು ಹೋದರೂ ಕರೆಯುತ್ತಾರೆ, ಮೈಮೇಲೆ ಪಿತ್ತದ ಗಂಧೆ ಎದ್ದರೂ ಕರೆಯುತ್ತಾರೆ. ಮದ್ದು ಹೇಳುವ ಕೆಲಸ ನನ್ನದಲ್ಲ. ಮದ್ದು ಹೇಗೆ ಕೆಲಸ ಮಾಡುತ್ತದೆಂದು ಹೇಳುವುದು ಮಾತ್ರ ನನ್ನ ಕೆಲಸವೇ. ಅದನ್ನು ಅರ್ಥಮಾಡಿಕೊಂಡವರು ಈ ಪುಟ್ಟ ಗುಳಿಗೆಯಿಂದ ಕೆಡುವುದು ಕಡಿಮೆ ಎಂಬುದು ನನ್ನ ಅನುಭವ.

ನಮ್ಮ ಚರ್ಮದಲ್ಲಿ, ಮೂಗಿನ ಒಳಪದರದಲ್ಲಿ, ಶ್ವಾಸನಾಳದಲ್ಲಿ ಮಾಸ್ಟ್ ಕೋಶಗಳೆಂಬ ಕಾವಲುಗಾರರಿದ್ದಾರೆ. ಇವರ ಚೀಲದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ತುಂಬಿರುತ್ತದೆ. ಮೈಗೆ ಒಗ್ಗದ ಪರಾಗವೋ ಧೂಳೋ ಒಳಬಂದಾಗ ಚೀಲ ಬಿಚ್ಚಿಕೊಂಡು ಹಿಸ್ಟಮಿನ್ ಹೊರಚೆಲ್ಲುತ್ತದೆ. ಅದು ರಕ್ತನಾಳಗಳ ಮೇಲೂ ನರತುದಿಗಳ ಮೇಲೂ ಇರುವ ಗ್ರಾಹಿಗಳಿಗೆ ಹೋಗಿ ಅಂಟಿದರೆ ಮೂಗು ಸೋರುತ್ತದೆ, ಕಣ್ಣು ಕಡಿಯುತ್ತದೆ, ಮೈಮೇಲೆ ದದ್ದು ಏಳುತ್ತದೆ, ಸೀನು ಸಾಲುಗಟ್ಟುತ್ತದೆ. ಹಿಸ್ಟಮಿನ್ ದೇಹದಲ್ಲಿ ಏನೇನು ಮಾಡುತ್ತದೆಂಬುದನ್ನು 1910ರಿಂದೀಚೆಗೆ ಲಂಡನ್ನಿನಲ್ಲಿ ಹೆನ್ರಿ ಡೇಲ್ ಮತ್ತು ಅವರ ಜೊತೆಗಾರರು ವಿವರಿಸಿದರು. ಅದನ್ನು ತಡೆಯುವ ಮೊದಲ ವಸ್ತುವನ್ನು 1937ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಅವರ ಸಂಗಡಿಗರು ಕಂಡುಕೊಂಡರು. ಆ ವಸ್ತು ಮನುಷ್ಯರಿಗೆ ಕೊಡಲಾಗದಷ್ಟು ವಿಷಕಾರಿಯಾಗಿತ್ತು. ಆದರೂ ದಾರಿ ತೆರೆಯಿತು. 1940ರ ದಶಕದಲ್ಲಿ ಬಳಸಬಹುದಾದ ಔಷಧಿಗಳು ಬಂದವು. ಬೋವೆಗೆ 1957ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಮಕ್ಕಳಿಗೆ ನಾನು ಇದನ್ನು ಬೀಗದ ಉದಾಹರಣೆ ಕೊಟ್ಟು ಹೇಳುತ್ತೇನೆ. ಗ್ರಾಹಿ ಎಂದರೆ ಬೀಗ. ಹಿಸ್ಟಮಿನ್ ಅದರ ಕೈ. ಬೀಗದ ತೂತಿನಲ್ಲಿ ತಿರುಗದ ಬೇರೊಂದು ಕೈಯನ್ನು ಮೊದಲೇ ತುರುಕಿಟ್ಟರೆ ನಿಜವಾದ ಕೈ ಒಳಗೆ ಹೋಗುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಗುಳಿಗೆ ಮಾಡುವುದು ಇಷ್ಟೇ. ಅದು ಹಿಸ್ಟಮಿನ್ನನ್ನು ನಾಶ ಮಾಡುವುದಿಲ್ಲ, ಧೂಳನ್ನು ಹೊರಹಾಕುವುದಿಲ್ಲ, ಒಗ್ಗದ್ದನ್ನು ಒಗ್ಗಿಸುವುದೂ ಇಲ್ಲ.

ಇಷ್ಟು ತಿಳಿದರೆ ಎರಡು ಮಾತು ತಾನೇ ಹೊಳೆಯುತ್ತವೆ. ಒಂದು, ಕೈ ಆಗಲೇ ಬೀಗದೊಳಗೆ ತಿರುಗಿದ ಮೇಲೆ ತೂತು ಮುಚ್ಚಲು ಹೋಗುವುದಕ್ಕಿಂತ ಮೊದಲೇ ಮುಚ್ಚುವುದು ಮೇಲು. ಪ್ರತಿವರ್ಷ ಅದೇ ತಿಂಗಳಲ್ಲಿ ಸೀನು ಬರುವವರಿಗೆ ವೈದ್ಯರು ಆ ಅವಧಿಯಲ್ಲಿ ದಿನವೂ ಹೊತ್ತಿಗೆ ಸರಿಯಾಗಿ ಗುಳಿಗೆ ತೆಗೆದುಕೊಳ್ಳಿ ಎನ್ನುವುದು ಇದಕ್ಕೇ. ಎರಡು, ಗುಳಿಗೆ ಹೊಟ್ಟೆಯಲ್ಲಿ ಕರಗಿ ರಕ್ತ ಸೇರಿ ಬೀಗದವರೆಗೆ ಹೋಗಲು ಹೊತ್ತು ಬೇಕು. ಅರ್ಧ ಗಂಟೆಯಿಂದ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಹತ್ತು ನಿಮಿಷ ನೋಡಿ, "ಇದು ಹಿಡೀಲಿಲ್ಲ" ಎಂದು ಇನ್ನೊಂದು ನುಂಗಿದರೆ ಸೀನು ಬೇಗ ನಿಲ್ಲುವುದಿಲ್ಲ, ತಲೆ ಮಾತ್ರ ಭಾರವಾಗುತ್ತದೆ.

ತಲೆ ಏಕೆ ಭಾರವಾಗುತ್ತದೆ? ಹಿಸ್ಟಮಿನ್ ಎಂದರೆ ಕೇವಲ ತಂಟೆಕೋರ ವಸ್ತುವಲ್ಲ. ಮಿದುಳಿನಲ್ಲಿ ಅದಕ್ಕೆ ಬೇರೆಯೇ ಕೆಲಸವಿದೆ, ಅದು ನಮ್ಮನ್ನು ಎಚ್ಚರವಾಗಿಡುತ್ತದೆ. ಕ್ಲೋರ್‌ಫೆನಿರಮೈನ್, ಫೆನಿರಮೈನ್, ಪ್ರೊಮೆಥಜೀನ್, ಡೈಫೆನ್‌ಹೈಡ್ರಮೀನ್ ಮುಂತಾದ ಹಳೆಯ ತಲೆಮಾರಿನ ಔಷಧಿಗಳು ರಕ್ತದಿಂದ ಮಿದುಳಿನೊಳಕ್ಕೆ ಸುಲಭವಾಗಿ ನುಸುಳುತ್ತವೆ. ಮೂಗಿನ ಬೀಗ ಮುಚ್ಚಲು ಹೋದದ್ದು ಎಚ್ಚರದ ಬೀಗವನ್ನೂ ಮುಚ್ಚುತ್ತದೆ. 'ಗುಳಿಗೆ ತಗೊಂಡೆ, ಚೆನ್ನಾಗಿ ನಿದ್ದೆ ಬಂತು, ಗುಣ ಆಗ್ತಾ ಇದೆ' ಎನ್ನುವವರಿದ್ದಾರೆ. ಆ ನಿದ್ದೆ ಗುಣದ ಲಕ್ಷಣವಲ್ಲ, ಅಡ್ಡಪರಿಣಾಮ.

ಕೆಲವು ವರ್ಷಗಳ ಹಿಂದೆ ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಒಂಬತ್ತನೆಯದರಲ್ಲಿ ಮೊದಲ ಮೂವರಲ್ಲಿ ಒಬ್ಬಳು. ದಸರಾ ರಜೆ ಮುಗಿಸಿ ಬಂದ ಮೇಲೆ ಮೊದಲ ಪೀರಿಯಡ್ಡಿನಲ್ಲೇ ತೂಕಡಿಸತೊಡಗಿದಳು. ಕಿರುಪರೀಕ್ಷೆಯಲ್ಲಿ ಅಂಕ ಇಳಿಯಿತು. ರಾತ್ರಿ ಟಿವಿ ನೋಡುತ್ತಾಳೆ, ಮೊಬೈಲು ಹಿಡಿಯುತ್ತಾಳೆ ಎಂದು ಶಿಕ್ಷಕರ ಕೊಠಡಿಯಲ್ಲಿ ಮಾತಾಯಿತು. ಅವಳ ಮೂಗು ಮಾತ್ರ ಕೆಂಪಗೆ, ಒರೆಸಿ ಒರೆಸಿ ಒಡೆದಂತಿತ್ತು. ನಾನು ಪಕ್ಕಕ್ಕೆ ಕರೆದು, "ಏನಮ್ಮಾ, ನೆಗಡಿಗೆ ಏನಾದರೂ ತಗೊಳ್ತೀಯಾ?" ಎಂದು ಕೇಳಿದೆ. "ಹೂಂ ಸಾರ್, ಬೆಳಿಗ್ಗೆ ಒಂದು, ರಾತ್ರಿ ಒಂದು. ಅವ್ವ ಕೊಡ್ತಾಳೆ" ಎಂದಳು. ಮರುದಿನ ಖಾಲಿ ಪಟ್ಟಿ ತಂದು ತೋರಿಸಿದಳು. ಕ್ಲೋರ್‌ಫೆನಿರಮೈನ್. ಒಂದೂವರೆ ತಿಂಗಳಿಂದ, ಯಾರೂ ಬರೆದುಕೊಡದೆ.

ಈ ಔಷಧಿ ದೇಹದಿಂದ ಹೊರಹೋಗುವುದು ಬಹಳ ನಿಧಾನ. ದೊಡ್ಡವರಲ್ಲಿ ಅದರ ಅರ್ಧ ಭಾಗ ಕರಗಲು ಹೆಚ್ಚುಕಡಿಮೆ ಒಂದು ಹಗಲು-ರಾತ್ರಿಯೇ ಬೇಕಾಗಬಹುದು. ರಾತ್ರಿ ನುಂಗಿದ್ದು ಬೆಳಿಗ್ಗೆಯ ಪಾಠಕ್ಕೂ ಉಳಿದಿರುತ್ತದೆ, ಅದರ ಮೇಲೆ ಬೆಳಿಗ್ಗೆಯದು ಬೇರೆ. ಅವಳ ತಾಯಿಯನ್ನು ಕರೆಸಿ ವೈದ್ಯರಲ್ಲಿಗೆ ಕಳಿಸಿದೆವು. ಅವರು ಗುಳಿಗೆ ಬದಲಿಸಿದರು, ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ ಬರೆದುಕೊಟ್ಟರು. ಕೆಲವೇ ದಿನಗಳಲ್ಲಿ ಹುಡುಗಿ ಕಣ್ಣು ಬಿಟ್ಟು ಕೂತಳು. ಸೋಮಾರಿ ಎಂಬ ಹಣೆಪಟ್ಟಿ ಹೊತ್ತು ಪಬ್ಲಿಕ್ ಪರೀಕ್ಷೆಗೆ ಕೂರಬೇಕಾಗಿದ್ದ ಮಗು ಅದು. ಆ ತಾಯಿಯದೂ ತಪ್ಪೆನ್ನಲಾರೆ. ಮಗಳ ಸೀನು ನೋಡಲಾರದೆ ಕೊಟ್ಟದ್ದು.

ತರಗತಿಯಲ್ಲಿ ತೂಕಡಿಸಿದರೆ ಹೋಗುವುದು ಅಂಕ. ಹೆದ್ದಾರಿಯಲ್ಲಿ ತೂಕಡಿಸಿದರೆ? ನಮ್ಮದು ಮೆಕ್ಕೆಜೋಳದ ಸೀಮೆ. ಸುಗ್ಗಿಯಲ್ಲಿ ಲಾರಿಗೆ ಚೀಲ ತುಂಬಿಸುವಾಗ ಏಳುವ ಧೂಳಿಗೆ ಎಂಥವರಿಗೂ ಸೀನು ಬರಬೇಕು. ಚಾಲಕ ಒಂದು ಗುಳಿಗೆ ನುಂಗಿ ಪೂನಾ-ಬೆಂಗಳೂರು ರಸ್ತೆ ಹಿಡಿಯುತ್ತಾನೆ. "ನಂಗೆ ನಿದ್ದೆಗಿದ್ದೆ ಏನೂ ಬರಲ್ಲ ಮೇಷ್ಟ್ರೇ, ಅಭ್ಯಾಸ ಆಗೇತಿ" ಎಂದು ನಮ್ಮ ಬೀದಿಯ ಚಾಲಕರೊಬ್ಬರು ನನಗೆ ಹೇಳಿದ್ದುಂಟು. ಅವರಿಗೆ ನಾನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಒಂದು ಪ್ರಯೋಗದ ಕಥೆ ಹೇಳಿದೆ. 2000ನೇ ಇಸವಿಯಲ್ಲಿ ಪ್ರಕಟವಾದದ್ದು. ಪರಾಗದ ಅಲರ್ಜಿಯಿದ್ದ 40 ಮಂದಿಯನ್ನು, ನಿಜವಾದ ಕಾರಿನಂತೆಯೇ ಇರುವ ಕೃತಕ ವಾಹನದಲ್ಲಿ ಕೂರಿಸಿ ಓಡಿಸಿದರು. ಒಮ್ಮೆ ಹಳೆಯ ಡೈಫೆನ್‌ಹೈಡ್ರಮೀನ್ ಕೊಟ್ಟು, ಒಮ್ಮೆ ಹೊಸ ಫೆಕ್ಸೊಫೆನಡಿನ್ ಕೊಟ್ಟು, ಒಮ್ಮೆ ಮದ್ಯ ಕುಡಿಸಿ, ಒಮ್ಮೆ ಬರೀ ಹುಸಿಗುಳಿಗೆ ಕೊಟ್ಟು. ಮದ್ಯ ಕುಡಿದಾಗಿಗಿಂತಲೂ ಹಳೆಯ ಗುಳಿಗೆ ತಿಂದಾಗ ಚಾಲನೆ ಕೆಟ್ಟಿತ್ತು. ಹೊಸದನ್ನು ತಿಂದವರು ಹುಸಿಗುಳಿಗೆಯವರಂತೆಯೇ ಓಡಿಸಿದರು. ಇನ್ನೊಂದು ಸಂಗತಿ ಹೆಚ್ಚು ಮುಖ್ಯವಾದದ್ದು. ಯಾರಿಗೆ ಎಷ್ಟು ನಿದ್ದೆ ಬಂದಂತೆ ಅನ್ನಿಸಿತೋ ಅದರಿಂದ ಅವರ ಚಾಲನೆ ಎಷ್ಟು ಕೆಟ್ಟಿತ್ತೆಂದು ಹೇಳಲು ಬರುತ್ತಿರಲಿಲ್ಲ. ನಿದ್ದೆ ಬರುತ್ತಿಲ್ಲವೆಂದು ತಿಳಿದವನ ಕೈಯೂ ತಡವಾಗಿ ಹೊರಳುತ್ತದೆ. 'ಅಭ್ಯಾಸ ಆಗೇತಿ' ಎಂಬ ಮಾತಿಗೆ ಬೆಲೆಯಿಲ್ಲ.

ಹಾಗಾದರೆ 'ನಿದ್ದೆ ಬರದೇ ಇರೋದು' ಯಾವುದು? ಸೆಟ್ರಿಜಿನ್, ಲೋರಟಡಿನ್, ಫೆಕ್ಸೊಫೆನಡಿನ್ ಇವು ಎರಡನೆಯ ತಲೆಮಾರಿನವು. ಮಿದುಳಿನ ಬಾಗಿಲಲ್ಲೇ ಇವನ್ನು ಹಿಂದಕ್ಕೆ ತಳ್ಳುವ ವ್ಯವಸ್ಥೆಯಿದೆ, ಒಳಗೆ ಹೋಗುವುದು ಕಡಿಮೆ. ಕಡಿಮೆ ಎಂದೆ, ಇಲ್ಲ ಎನ್ನಲಿಲ್ಲ. ಸೆಟ್ರಿಜಿನ್ನಿನ ಬಗ್ಗೆ ಅಮೆರಿಕದ ಔಷಧಿ ವಿವರಣೆಯಲ್ಲಿ ಕೊಟ್ಟಿರುವ ಲೆಕ್ಕ ನೋಡಿ: 10 ಮಿಲಿಗ್ರಾಂ ತೆಗೆದುಕೊಂಡ ನೂರು ಮಂದಿಯಲ್ಲಿ ಸುಮಾರು 14 ಮಂದಿಗೆ ಮಂಪರು, ಹುಸಿಗುಳಿಗೆ ತೆಗೆದುಕೊಂಡವರಲ್ಲಿ ಸುಮಾರು 6 ಮಂದಿಗೆ. ಆ ಹದಿನಾಲ್ಕರಲ್ಲಿ ನೀವಿದ್ದೀರೋ ಇಲ್ಲವೋ ತಿಂದ ಮೇಲಷ್ಟೇ ತಿಳಿಯುವುದು. ಆದ್ದರಿಂದ ಯಾವುದೇ ಹೊಸ ಗುಳಿಗೆಯನ್ನು ಮೊದಲ ಸಲ ಮನೆಯಲ್ಲಿರುವ ದಿನ, ರಾತ್ರಿ ಹೊತ್ತು ತೆಗೆದುಕೊಂಡು ನೋಡುವುದು ಕ್ಷೇಮ. ಅದರ ಜೊತೆ ಮದ್ಯ, ನಿದ್ದೆಗುಳಿಗೆ ಎರಡೂ ಕೂಡದು. ಸೆಟ್ರಿಜಿನ್ ಹೆಚ್ಚಾಗಿ ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ ಮೂತ್ರಪಿಂಡದ ತೊಂದರೆಯಿರುವವರಿಗೆ ವೈದ್ಯರು ಪ್ರಮಾಣ ತಗ್ಗಿಸುತ್ತಾರೆ.

ಹೊಸದೆಲ್ಲ ಒಳ್ಳೆಯದೆಂದೂ ಅಲ್ಲ. ಟರ್ಫೆನಡಿನ್ ಎಂಬ ಔಷಧಿ 1985ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ನಿದ್ದೆ ಬರಿಸದ ಗುಳಿಗೆಯೆಂದು ಲಕ್ಷಾಂತರ ಜನ ನುಂಗಿದರು. ಆಮೇಲೆ ತಿಳಿಯಿತು: ಎರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಅಥವಾ ಕೀಟೊಕೊನಜೋಲ್ ಎಂಬ ಹುಳುಕಡ್ಡಿಯ ಔಷಧಿಯ ಜೊತೆ ಸೇರಿದರೆ ಯಕೃತ್ತು ಅದನ್ನು ಒಡೆಯಲಾರದು. ಅದು ರಕ್ತದಲ್ಲಿ ಶೇಖರವಾಗಿ ಹೃದಯದ ಬಡಿತದ ಲಯ ಕೆಡಿಸುತ್ತದೆ. ಸಾವುಗಳಾದವು. 1998ರಲ್ಲಿ ಅಲ್ಲಿ ಅದನ್ನು ವಾಪಸು ತೆಗೆದರು. ಯಕೃತ್ತು ಟರ್ಫೆನಡಿನ್ನನ್ನು ಒಡೆದಾಗ ಸಿಗುವ ವಸ್ತುವೇ ಇಂದಿನ ಫೆಕ್ಸೊಫೆನಡಿನ್. ಅದು ಹೃದಯಕ್ಕೆ ಆ ತೊಂದರೆ ಕೊಡುವುದಿಲ್ಲ. ಆದರೆ ಕಿತ್ತಳೆ, ಸೇಬಿನ ರಸದ ಜೊತೆ ನುಂಗಿದರೆ ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ. ನೀರಿನ ಜೊತೆಯೇ ತೆಗೆದುಕೊಳ್ಳಬೇಕು. ಈ ಕಥೆಯಿಂದ ಕಲಿಯಬೇಕಾದದ್ದು ಇಷ್ಟೇ: ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರೆಂದು ಹೇಳದೆ ಹೊಸ ಗುಳಿಗೆ ಕೊಳ್ಳಬಾರದು.

ಹರಿಹರದಲ್ಲಿ ನನ್ನ ಹೆಂಡತಿಯ ಅಣ್ಣನವರಿದ್ದಾರೆ. ಎಪ್ಪತ್ತು ದಾಟಿದೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಲೇತ್ ಮೇಲೆ ಕೆಲಸ ಮಾಡಿದ ಗಟ್ಟಿ ಜೀವ. ಒಂದು ಚಳಿಗಾಲದಲ್ಲಿ ನೆಗಡಿಯಾಯಿತೆಂದು ಮೊಮ್ಮಗನ ಕೈಯಲ್ಲಿ ಗುಳಿಗೆ ತರಿಸಿ ಎರಡು ದಿನ ತಿಂದರು. ಎರಡನೆಯ ದಿನ ರಾತ್ರಿ ಹತ್ತು ಗಂಟೆಗೆ ಫೋನು. "ಮೇಷ್ಟ್ರೇ, ಮಧ್ಯಾಹ್ನದಿಂದ ಒಂದಕ್ಕೆ ಹೋಗಾಕೆ ಆಗ್ತಿಲ್ಲ. ಹೊಟ್ಟೆ ಕಲ್ಲಾಗೇತಿ" ಎಂದರು. ದನಿಯಲ್ಲಿ ನಾಚಿಕೆ, ನೋವು ಎರಡೂ ಇದ್ದವು. ನಾನು ಹೋಗುವಷ್ಟರಲ್ಲಿ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದರು. ನಳಿಕೆ ಹಾಕಿ ಮೂತ್ರ ತೆಗೆದ ಮೇಲೆ ಮನುಷ್ಯ ಉಸಿರು ಬಿಟ್ಟು, "ನೆಗಡಿಗೆ ತಗೊಂಡಿದ್ದು ಅಲ್ಲಿಗ್ಯಾಕೆ ಹೋತು?" ಎಂದು ಕೇಳಿದರು.

ಪ್ರಶ್ನೆ ಸರಿಯಾದದ್ದೇ. ಹಳೆಯ ತಲೆಮಾರಿನ ಈ ಗುಳಿಗೆಗಳ ಕೈ ಹಿಸ್ಟಮಿನ್ನಿನ ಬೀಗಕ್ಕೆ ಮಾತ್ರವಲ್ಲ, ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ವಸ್ತುವಿನ ಬೀಗಕ್ಕೂ ಹೊಂದುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು ಅದರಿಂದಲೇ. ಮೂತ್ರಕೋಶವನ್ನು ಹಿಂಡುವ ಸ್ನಾಯುವೂ ಸಡಿಲವಾಗುತ್ತದೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವ ವಯಸ್ಸಾದ ಗಂಡಸರಲ್ಲಿ ದಾರಿ ಮೊದಲೇ ಕಿರಿದು, ಹಿಂಡುವ ಬಲವೂ ಹೋದರೆ ಕಟ್ಟಿಕೊಳ್ಳುತ್ತದೆ. ಜೊತೆಗೆ ಭಾವನವರು ತಿಂದದ್ದು ಮೂಗು ಬಿಡಿಸುವ ಫಿನೈಲ್‌ಎಫ್ರಿನ್ ಸಹ ಸೇರಿದ ಜೋಡುಗುಳಿಗೆ. ಅದು ಮೂತ್ರಕೋಶದ ಕುತ್ತಿಗೆಯನ್ನು ಬಿಗಿಮಾಡಬಲ್ಲದು, ರಕ್ತದೊತ್ತಡವನ್ನೂ ಏರಿಸಬಹುದು. ಗ್ಲಾಕೋಮ ಎಂಬ ಕಣ್ಣಿನ ಒತ್ತಡದ ಕಾಯಿಲೆಯ ಕೆಲವು ಬಗೆಗಳಲ್ಲಿಯೂ ಹಳೆಯ ಗುಳಿಗೆ ಅಪಾಯ. ಮುದುಕರಲ್ಲಿ ಮರೆವು, ಗೊಂದಲ, ರಾತ್ರಿ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುವುದು ಇವಕ್ಕೂ ಇದು ದಾರಿ. ಅರವತ್ತೈದು ದಾಟಿದವರಿಗೆ ಇವು ಬೇಡವೆಂದೇ ವೈದ್ಯಶಾಸ್ತ್ರ ಹೇಳುತ್ತದೆ. ಅಂದಹಾಗೆ, ಭಾವನವರಿಗೆ ಬಂದದ್ದು ವೈರಸ್ಸಿನ ಸಾಮಾನ್ಯ ನೆಗಡಿ. ಅದಕ್ಕೆ ಈ ಗುಳಿಗೆಯಿಂದ ಆಗುವ ಪ್ರಯೋಜನ ಅಲ್ಪ. ತಿನ್ನದಿದ್ದರೂ ವಾರದಲ್ಲಿ ಹೋಗುತ್ತಿತ್ತು.

ಇನ್ನು ಮಕ್ಕಳು. ದೂರದ ಬಸ್ಸಿಗೆ ಹತ್ತುವ ಮೊದಲು ಕೂಸಿಗೆ ಒಂದು ಚಮಚ ನೆಗಡಿಯ ಸಿರಪ್ಪು ಕುಡಿಸುವ ಪದ್ಧತಿ ನಮ್ಮಲ್ಲಿದೆ. 'ಅಳೋದಿಲ್ಲ, ಹಾಯಾಗಿ ಮಲಗ್ತದೆ' ಎನ್ನುತ್ತಾರೆ. ಇದು ಬೇಡ. ಪ್ರೊಮೆಥಜೀನ್ ಎರಡು ವರ್ಷದೊಳಗಿನ ಮಕ್ಕಳಲ್ಲಿ ಉಸಿರಾಟವನ್ನೇ ನಿಲ್ಲಿಸಬಹುದೆಂದು ಅಮೆರಿಕದ ಔಷಧ ಇಲಾಖೆ 2004ರಲ್ಲಿ ಅತಿ ಕಠಿಣ ಎಚ್ಚರಿಕೆ ಕೊಟ್ಟಿತು. ನಮ್ಮ ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ, ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಸೇರಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಅದರ ಮೇಲೆಯೇ ಮುದ್ರಿಸುವಂತೆ ಸೂಚಿಸಿದರು. ವೈದ್ಯರು ಬರೆದುಕೊಟ್ಟ ಸಿರಪ್ಪನ್ನೂ ಅಡುಗೆಮನೆಯ ಚಮಚದಲ್ಲಿ ಅಳೆಯಬಾರದು, ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ಬಾಟಲಿಯ ಜೊತೆ ಬರುವ ಗೆರೆ ಹಾಕಿದ ಮುಚ್ಚಳವನ್ನೇ ಬಳಸಬೇಕು. ಬಸುರಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ನಮ್ಮ ಸೀಮೆಯ ಅಲರ್ಜಿಯ ಮಾತು ಬಂದರೆ ಕಾಂಗ್ರೆಸ್ ಗಿಡವನ್ನು ಬಿಡುವಂತಿಲ್ಲ. ಪಾರ್ಥೇನಿಯಂ ಎಂಬ ಈ ಕಳೆ 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿತ್ತು. ಅಮೆರಿಕದಿಂದ ಬಂದ ಗೋಧಿಯ ಜೊತೆ ಬಂತೆಂಬ ಮಾತು ಪ್ರಚಾರದಲ್ಲಿದೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ದಾವಣಗೆರೆಯ ಖಾಲಿ ಸೈಟುಗಳು, ಹರಿಹರದ ರೈಲುಹಳಿಯ ಪಕ್ಕ, ಶಾಲೆಯ ಆಟದ ಮೈದಾನದ ಅಂಚು ಎಲ್ಲೆಲ್ಲೂ ಮಳೆಗಾಲ ಕಳೆಯುವಾಗ ಬಿಳಿ ಹೂವಿನ ಹಾಸು. ಇದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ತಿನ್ನುತ್ತಿದೆ, ಗಿಡವೂ ಬೆಳೆಯುತ್ತಿದೆ.

ಈ ಗಿಡದಿಂದ ಬರುವ ತೊಂದರೆ ಒಂದಲ್ಲ, ಎರಡು ಬಗೆ. ಅದರ ಪರಾಗ ಮೂಗಿಗೆ ಹೋಗಿ ಸೀನು, ಕಣ್ಣುರಿ ಬರಿಸುವುದು ಒಂದು. ಇದರಲ್ಲಿ ಹಿಸ್ಟಮಿನ್ನಿನ ಪಾತ್ರ ದೊಡ್ಡದು, ಗುಳಿಗೆ ಕೆಲಸ ಮಾಡುತ್ತದೆ. ಇನ್ನೊಂದು, ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ತಾಗಿ, ಅಥವಾ ಒಣಗಿದ ಪುಡಿ ಗಾಳಿಯಲ್ಲಿ ಬಂದು ಕೂತು, ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗಿ ಒಡೆಯುವುದು. ಹೊಲದಲ್ಲಿ ದುಡಿಯುವವರ ಮುಖದಲ್ಲಿ ಇದನ್ನು ನೀವು ನೋಡಿರುತ್ತೀರಿ. ಇದು ರಕ್ತದ ಬಿಳಿಕೋಶಗಳು ಒಂದೆರಡು ದಿನ ತಡವಾಗಿ ನಡೆಸುವ ಕಾಳಗ. ಅಲ್ಲಿ ಹಿಸ್ಟಮಿನ್ ಮುಖ್ಯಪಾತ್ರವೇ ಅಲ್ಲ. ವರ್ಷಗಟ್ಟಲೆ ಅಲರ್ಜಿ ಗುಳಿಗೆ ನುಂಗಿದರೂ ಅದು ವಾಸಿಯಾಗುವುದಿಲ್ಲ. ಹೆಚ್ಚೆಂದರೆ ರಾತ್ರಿ ಮಂಪರಿನಲ್ಲಿ ಕೆರೆತ ಮರೆತೀತು. ಚರ್ಮವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿ, ಬೇರೆಯೇ ಔಷಧಿ ಕೊಡಬೇಕು. ಎಲ್ಲಕ್ಕಿಂತ ಮೊದಲು ಗಿಡದಿಂದ ದೂರವಿರಬೇಕು. ಶ್ರಮದಾನವೆಂದು ಬರಿಗೈಯಲ್ಲಿ ಮಕ್ಕಳಿಂದ ಕಾಂಗ್ರೆಸ್ ಗಿಡ ಕೀಳಿಸುವುದನ್ನು ಯಾವ ಶಾಲೆಯೂ ಮಾಡಬಾರದು. ಹೂ ಬಿಡುವ ಮೊದಲೇ, ಕೈಗವಸು ಹಾಕಿ, ಮುಖ ಮುಚ್ಚಿಕೊಂಡು ದೊಡ್ಡವರು ಕೀಳಬೇಕು.

ಎಲ್ಲ ಕೆಮ್ಮೂ ಅಲರ್ಜಿಯಲ್ಲ ಎಂಬುದನ್ನೂ ನಮ್ಮ ಊರೇ ಕಲಿಸುತ್ತದೆ. ಮಂಡಕ್ಕಿ ಭಟ್ಟಿಯ ಹೊಗೆಗೆ ಕಣ್ಣಲ್ಲಿ ನೀರು ಬರುವುದು, ಗಂಟಲು ಕೆರೆಯುವುದು ಹೊಗೆಯ ನೇರ ಉರಿ. ಗುಳಿಗೆ ಅಲ್ಲಿ ಕೈಲಾಗದ್ದು, ಚಿಮಣಿಯೇ ಮದ್ದು. ಹತ್ತಿಗಿರಣಿಗಳ ಕಾಲದಲ್ಲಿ, ಭಾನುವಾರ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಹೋದೊಡನೆ ಎದೆ ಬಿಗಿಯುವ ಕಾಯಿಲೆ ಹತ್ತಿಯ ಧೂಳಿನವರಿಗೆ ಬರುತ್ತಿತ್ತು. ಅದಕ್ಕೆ ವೈದ್ಯರು ಬಿಸಿನೋಸಿಸ್ ಎಂಬ ಬೇರೆ ಹೆಸರನ್ನೇ ಇಟ್ಟಿದ್ದಾರೆ. ಸುಂಯ್‌ಗುಟ್ಟುವ ಉಸಿರು, ರಾತ್ರಿ ಕೆಮ್ಮಿ ಎದ್ದು ಕೂರುವುದು ಇದ್ದರೆ ಅದು ಅಸ್ತಮಾ ಇರಬಹುದು. ಅದಕ್ಕೆ ಬೇಕಾದದ್ದು ಬಾಯಿಂದ ಎಳೆದುಕೊಳ್ಳುವ ಇನ್ಹೇಲರು. 'ಪಂಪು ಹಿಡಿದರೆ ಬಿಡಲ್ಲ' ಎಂದು ಹೆದರಿ ಅಲರ್ಜಿ ಗುಳಿಗೆಯಲ್ಲೇ ದಿನ ದೂಡುವವರು ಶ್ವಾಸಕೋಶವನ್ನು ಪಣಕ್ಕಿಡುತ್ತಾರೆ. ತಿಂಗಳುಗಟ್ಟಲೆ ಮೂಗು ಕಟ್ಟಿಕೊಂಡೇ ಇರುವವರಿಗೂ ಗುಳಿಗೆಗಿಂತ ವೈದ್ಯರು ಬರೆಯುವ ಮೂಗಿನ ಸ್ಟೀರಾಯ್ಡ್ ಸ್ಪ್ರೇ ಹೆಚ್ಚು ಉಪಕಾರಿ.

ಈಗ ಹೇಳುವುದು ಜೀವದ ಮಾತು. ಹರಿಹರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಭತ್ತದ ಗದ್ದೆಯ ಬದುವಿನ ಮರದಿಂದ ಹೆಜ್ಜೇನು ಎದ್ದು ಒಬ್ಬ ಕೂಲಿಯವನಿಗೆ ಮುತ್ತಿತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿದ್ದ. ಮೈಯೆಲ್ಲ ದದ್ದು, ತುಟಿ ಊದಿ, ದನಿ ಗೊಗ್ಗರಾಗಿ, ತಲೆ ಸುತ್ತಿ ಆ ಮನುಷ್ಯ ಕುಸಿದ. ಯಾರೋ ಅಲರ್ಜಿ ಗುಳಿಗೆ ತಂದು, "ಇದು ತಗೊಂಡು ನೆಳ್ಳಾಗೆ ಮಲಕ್ಕೊ, ಇಳೀತತಿ" ಎಂದರಂತೆ. ನನ್ನ ವಿದ್ಯಾರ್ಥಿ ಕೇಳಲಿಲ್ಲ. ಮಾಲೀಕರ ಜೀಪಿನಲ್ಲಿ ಮಲಗಿಸಿಕೊಂಡು ನೇರ ಆಸ್ಪತ್ರೆಗೆ ಹೊರಟ. ಅಲ್ಲಿ ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಮನುಷ್ಯ ಉಳಿದ.

ಇದಕ್ಕೆ ಅನಾಫಿಲಾಕ್ಸಿಸ್ ಎನ್ನುತ್ತಾರೆ. ಜೇನು, ಕಣಜದ ಕಡಿತದಿಂದ, ಕಡಲೆಕಾಯಿ, ಸೀಗಡಿಯಂಥ ಆಹಾರದಿಂದ, ಕೆಲವು ಔಷಧಿಗಳಿಂದ ಬರಬಹುದು. ಇಲ್ಲಿ ಹಿಸ್ಟಮಿನ್ ಒಂದೇ ಅಲ್ಲ, ಹತ್ತಾರು ರಾಸಾಯನಿಕಗಳು ಒಟ್ಟಿಗೆ ಸುರಿಯುತ್ತವೆ. ರಕ್ತದೊತ್ತಡ ಕುಸಿಯುತ್ತದೆ, ಗಂಟಲು ಮುಚ್ಚುತ್ತದೆ. ಗುಳಿಗೆ ಕರಗಲು ಗಂಟೆ ಬೇಕು, ಪ್ರಾಣಕ್ಕೆ ಉಳಿದಿರುವುದು ನಿಮಿಷಗಳು. ಗುಳಿಗೆ ದದ್ದನ್ನು ಇಳಿಸಿದರೂ ಗಂಟಲನ್ನು ತೆರೆಯದು, ಒತ್ತಡವನ್ನು ಏರಿಸದು. ಆ ಕೆಲಸ ಅಡ್ರಿನಲಿನ್ನಿನದು. ಉಸಿರಾಟಕ್ಕೆ ಕಷ್ಟ, ನಾಲಿಗೆ ತುಟಿ ಊತ, ದನಿ ಬದಲು, ತಲೆಸುತ್ತು, ದದ್ದಿನ ಜೊತೆ ವಾಂತಿ ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಫೋನು ಮಾಡಿ. ರೋಗಿಯನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಿ, ನಡೆಸಬೇಡಿ. ಉಸಿರಿಗೆ ಕಷ್ಟವಿದ್ದರೆ ಒರಗಿ ಕೂರಲು ಬಿಡಿ. ಚೇತರಿಸಿಕೊಂಡ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು, ಎರಡನೆಯ ಸಲ ಮರುಕಳಿಸುವುದುಂಟು.

ಇನ್ನೊಂದು ಮೋಸದ ಬಗ್ಗೆ ಹೇಳಬೇಕು. ಕಾಗದದ ಪೊಟ್ಟಣದಲ್ಲಿ ಬಿಡಿಗುಳಿಗೆ ಕಟ್ಟಿಕೊಡುವವರು ಇನ್ನೂ ಇದ್ದಾರೆ. 'ಅವರ ಕೈಗುಣ ದೊಡ್ಡದು, ಒಂದೇ ದಿನಕ್ಕೆ ಸೀನು ನಿಲ್ತದೆ' ಎಂಬ ಹೆಸರು. ಅಂಥ ಪೊಟ್ಟಣದಲ್ಲಿ ಅಲರ್ಜಿ ಗುಳಿಗೆಯ ಜೊತೆ ಸ್ಟೀರಾಯ್ಡ್ ಇದ್ದರೆ ಸೀನು ಖಂಡಿತ ನಿಲ್ಲುತ್ತದೆ. ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಹೆಸರಿಲ್ಲದ ಗುಳಿಗೆಯನ್ನು ಬಾಯಿಗೆ ಹಾಕಬಾರದು. ಈಗಾಗಲೇ ಬಹಳ ದಿನದಿಂದ ತಿನ್ನುತ್ತಿದ್ದರೆ ತಾವೇ ನಿಲ್ಲಿಸದೆ ವೈದ್ಯರಿಗೆ ಪೊಟ್ಟಣ ತೋರಿಸಬೇಕು.

ಇದಕ್ಕೆಲ್ಲ ಮೇಷ್ಟ್ರು ಏನು ಮಾಡಬಲ್ಲ? ಎರಡು ವರ್ಷದಿಂದ ಎಂಟನೇ ತರಗತಿಯವರಿಗೆ ಒಂದು ಮನೆಗೆಲಸ ಕೊಡುತ್ತಿದ್ದೇನೆ. ಮನೆಯಲ್ಲಿರುವ ಖಾಲಿ ಗುಳಿಗೆ ಪಟ್ಟಿಗಳು, ಸಿರಪ್ಪಿನ ಖಾಲಿ ಡಬ್ಬಿಗಳನ್ನು ತರಬೇಕು. ದೊಡ್ಡ ಅಕ್ಷರದ ವ್ಯಾಪಾರದ ಹೆಸರನ್ನು ಬಿಟ್ಟು, ಕೆಳಗೆ ಸಣ್ಣಗೆ ಮುದ್ರಿಸಿರುವ ಔಷಧಿಯ ಹೆಸರು, ಮಿಲಿಗ್ರಾಂ, ಅವಧಿ ಮುಗಿಯುವ ತಿಂಗಳು ಇಷ್ಟನ್ನು ಬರೆಯಬೇಕು. ಮೊದಲ ವರ್ಷವೇ ಒಬ್ಬ ಹುಡುಗ ತನ್ನ ಅಜ್ಜಿಯ ಡಬ್ಬಿಯಿಂದ ಮೂರು ತಂದಿದ್ದ. ನೆಗಡಿಯ ಗುಳಿಗೆ, ಕೆಮ್ಮಿನ ಸಿರಪ್ಪು, ಕೆರೆತದ ಗುಳಿಗೆ. ಮೂರು ಕಂಪನಿ, ಮೂರು ಹೆಸರು, ಮೂರು ಬಣ್ಣ. ಕೆಳಗಿನ ಸಣ್ಣ ಅಕ್ಷರ ಮೂರರಲ್ಲೂ ಒಂದೇ: ಕ್ಲೋರ್‌ಫೆನಿರಮೈನ್. ಅಜ್ಜಿ ಮೂರನ್ನೂ ದಿನವೂ ತೆಗೆದುಕೊಳ್ಳುತ್ತಿದ್ದರು. ಮೂರು ಬೇರೆ ಬೇರೆ ಮದ್ದೆಂದು ಅವರ ನಂಬಿಕೆ.

ಹುಡುಗ ಆ ಸಂಜೆ ಪಟ್ಟಿ ಹಿಡಿದು ಅಜ್ಜಿಯ ಮುಂದೆ ಕೂತು ಓದಿ ಹೇಳಿದನಂತೆ. ಅಜ್ಜಿ ಮೊದಲು ಬೈದರಂತೆ. ವಾರದೊಳಗೆ ಮಗ ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದ. ಎರಡು ನಿಂತವು, ಒಂದು ಬದಲಾಯಿತು. "ಈಗ ಅಜ್ಜಿ ಮಧ್ಯಾಹ್ನ ಮಲಗಲ್ಲ ಸಾರ್, ಎದ್ದು ಕೂತು ನನ್ನ ಹೋಂವರ್ಕ್ ನೋಡ್ತಾಳೆ" ಎಂದು ಹುಡುಗ ದೂರು ಹೇಳಿದ.

ಓದುಗರಲ್ಲಿ ನನ್ನ ಕೋರಿಕೆಯೂ ಇದೇ ಮನೆಗೆಲಸ. ನಿಮ್ಮ ಮನೆಯ ಗುಳಿಗೆ ಡಬ್ಬ ತೆಗೆಯಿರಿ, ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿರಿ. ಮುಂದಿನ ಸಲ ಅಂಗಡಿಯವನು "ನಿದ್ದೆ ಬರೋದಾ, ಬರದೇ ಇರೋದಾ" ಎಂದು ಕೇಳಿದಾಗ, ಮೊದಲು ಅದರ ಹೆಸರು ಕೇಳಿರಿ. ತಿನ್ನುವವರ ವಯಸ್ಸೆಷ್ಟು, ಬೇರೆ ಏನು ಔಷಧಿ ನಡೆಯುತ್ತಿದೆ, ಇವತ್ತು ಗಾಡಿ ಓಡಿಸಬೇಕೇ ಎಂಬುದನ್ನು ನೀವೇ ಹೇಳಿರಿ. ಹಾಗೆ ಹೇಳಲು ಸ್ಕೂಟರಿನಿಂದ ಇಳಿಯಬೇಕಾಗುತ್ತದೆ, ಅಷ್ಟೇ.